ಬಿದ್ದವನಿಗೆ ಹೊಡೆದ ಏಟು

ರಿಪ್ಪನ್‌ಪೇಟೆಯ ಶಿವಮೂರ್ತಿ ಜೆಸಿಬಿ ಓಡಿಸುತ್ತಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮಾತ್ರ ‘ಸದ್ಯಕ್ಕೆ ಜೆಸಿಬಿ’ ಎನ್ನುತ್ತಿದ್ದ. ಆ ‘ಸದ್ಯಕ್ಕೆ’ ಶುರುವಾಗಿ ಏಳೆಂಟು ವರ್ಷಗಳೇ ಕಳೆದಿದ್ದವು. ಅವನಿಗೆ ಬೇಕಾಗಿದ್ದದ್ದು ಸಿನಿಮಾ. ಸಿನಿಮಾ ಆಗದಿದ್ದರೆ ಸೀರಿಯಲ್ಲು. ಅದೂ ಆಗದಿದ್ದರೆ ಜಾಹೀರಾತಿನಲ್ಲಿ ಗೊಬ್ಬರದ ಚೀಲ ಹೊತ್ತು ನಗುವವನ ಪಾತ್ರವಾದರೂ ಆದೀತು ಎಂದುಕೊಂಡಿದ್ದ.

ಹೈಸ್ಕೂಲಿನ ನಾಟಕದಲ್ಲಿ ಕಳ್ಳನ ಪಾತ್ರ ಮಾಡಿ ಪೆಟ್ಟು ತಿಂದು ಬಿದ್ದಾಗ, ಮುಂದಿನ ಸಾಲಿನ ಹೆಂಗಸೊಬ್ಬಳು ‘ಅಯ್ಯೋ ಪಾಪ’ ಅಂದಿದ್ದಳು. ಹುಚ್ಚು ಹಿಡಿದದ್ದು ಅವತ್ತು. ಆಮೇಲೆ ಆಡಿಷನ್ ಎಂದು ಬೆಂಗಳೂರಿಗೆ ಎಷ್ಟು ಸಲ ಬಸ್ಸು ಹತ್ತಿದನೋ ಅವನಿಗೇ ನೆನಪಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅರ್ಧ ದಿನ ಕೂರಿಸಿ, ಒಳಗೆ ಕರೆದು, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಹೇಳಿ ಕಳಿಸುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಉಳಿದವರಿಗಿಂತ ಪ್ರಾಮಾಣಿಕವಾಗಿ ಹೇಳಿದ್ದಳು. “ಹೈಟ್ ಇದೆ, ದನಿ ಇದೆ. ಆದ್ರೆ ನಿಮ್ಮ ಮುಖ ನೋಡಿದ್ರೆ ಏನೂ ಅನ್ಸಲ್ಲ ಸರ್.”

ಊರಿಗೆ ಬಂದು ಆ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡಿದ್ದ. ತಂಗಿ ಬಿಂದುವಿನ ಕೈಯಲ್ಲಿ ಫೋನು ಕೊಟ್ಟು, ಜೆಸಿಬಿಯ ಬಕೆಟ್ಟಿನೊಳಗೆ ನಿಂತು ಸಿಟ್ಟಿನ ಡೈಲಾಗು, ಅಳುವ ಡೈಲಾಗು ಹೇಳಿ ವಿಡಿಯೋ ಹಾಕುತ್ತಿದ್ದ. ನೋಡುತ್ತಿದ್ದವರು ಊರಿನವರೇ. ಅವರೂ ನಗುವ ಮುಖದ ಗುರುತು ಒತ್ತಿ ಸುಮ್ಮನಾಗುತ್ತಿದ್ದರು.

ಅವನ ಅಪ್ಪ ಗೋಪಾಲಪ್ಪ ಇದಕ್ಕೆಲ್ಲ ಅಡ್ಡ ಬಂದವರಲ್ಲ. “ಆಗೋದಾದ್ರೆ ಆಗ್ತದೆ, ಇಲ್ದಿದ್ರೆ ಮಣ್ಣು ತೆಗೆಯ ಕೆಲ್ಸ ಎಲ್ಲಿಗೂ ಹೋಗದಿಲ್ಲ” ಎನ್ನುತ್ತಿದ್ದರು. ಮಾತು ಕಮ್ಮಿ, ಹಠ ಜಾಸ್ತಿಯ ಮನುಷ್ಯ. ಆ ಹಠದಿಂದಲೇ ಇದು ಶುರುವಾಯಿತು.

ಮಳೆಗಾಲ ಮುಗಿದ ಹೊತ್ತು. ಗೋಪಾಲಪ್ಪ ಸಾಗರದಿಂದ ಕಳೆ ಕತ್ತರಿಸುವ ಮೆಷಿನ್ ತಂದಿದ್ದರು. ವಾರದೊಳಗೆ ಅದರ ಎಂಜಿನ್ ಹಿಡಿದುಕೊಂಡು ನಿಂತಿತು. ಬದಲಿ ಕೊಡಲೇಬೇಕು ಎಂದು ಮಗನ ಬೈಕಿನ ಹಿಂದೆ ಮೆಷಿನ್ ಹೊತ್ತು ಕೂತು ಸಾಗರದ ಪೇಟೆಗೆ ಬಂದರು. ಅಂಗಡಿ ರವಿಶಂಕರನದು. ಪಂಪ್‌ಸೆಟ್ಟು, ಪೈಪು, ಸ್ಪ್ರೇಯರ್ ಮಾರುವ ಅಂಗಡಿ. ನಲವತ್ತರ ಆಸುಪಾಸಿನ, ದಪ್ಪ ಕನ್ನಡಕದ, ಬೇಗ ಸಿಟ್ಟು ಬರುವ ಮನುಷ್ಯ. ಶಿವಮೂರ್ತಿ ಬೈಕ್ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಗೋಪಾಲಪ್ಪ ಒಬ್ಬರೇ ಒಳಗೆ ಹೋದರು.

ರವಿಶಂಕರ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ. “ಯಜಮಾನ್ರೇ, ಪೆಟ್ರೋಲಿಗೆ ಆಯಿಲ್ ಹಾಕ್ದೇ ಓಡ್ಸಿದ್ದೀರಿ. ಎಂಜಿನ್ ಸುಟ್ಟುಹೋಗಿದೆ. ಇದಕ್ಕೆ ಕಂಪನಿಯವ್ರೂ ಹೊಣೆ ಅಲ್ಲ, ನಾನೂ ಅಲ್ಲ.”

ಅವನು ಹೇಳಿದ್ದು ನಿಜವೇ ಆಗಿತ್ತು. ಆದರೆ ಗೋಪಾಲಪ್ಪ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. “ಮೋಸದ ಮಾಲು ಮಾರಿ ನಂಗೆ ಪಾಠ ಹೇಳ್ತೀಯನಾ?” ಎಂದು ಗೋಪಾಲಪ್ಪ ಜೋರಾಗಿ ಅಂದಾಗ ಬೇರೆ ಗಿರಾಕಿಗಳು ತಿರುಗಿ ನೋಡಿದರು. ರವಿಶಂಕರನಿಗೆ ರೇಗಿತು. ಮೆಷಿನ್ನಿನ ಉದ್ದ ಕೋಲು ಹಿಡಿದು ಬಾಗಿಲಾಚೆ ನೂಕಿದ. ಗೋಪಾಲಪ್ಪ ಇನ್ನೊಂದು ತುದಿ ಬಿಟ್ಟಿರಲಿಲ್ಲ. ಮೆಷಿನ್ನಿನ ಜೊತೆಗೇ ಹಿಮ್ಮುಖವಾಗಿ ಮೆಟ್ಟಿಲಿನಿಂದ ಉರುಳಿ ಚರಂಡಿಯ ಕಲ್ಲಿಗೆ ತಲೆ ಬಡಿದುಕೊಂಡರು.

ಶಿವಮೂರ್ತಿ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಅಪ್ಪನ ಬಿಳಿ ಅಂಗಿಯ ಮೇಲೆ ಇಳಿಯುತ್ತಿದ್ದ ರಕ್ತ, ಬಾಗಿಲಲ್ಲಿ ನಿಂತ ರವಿಶಂಕರ. ಏನು, ಯಾಕೆ ಎಂದು ಕೇಳಲಿಲ್ಲ. ಮೆಟ್ಟಿಲು ಹಾರಿ ಮೊದಲ ಏಟು ಕಿವಿಯ ಬುಡಕ್ಕೆ ಹಾಕಿದ. ಕನ್ನಡಕ ಹಾರಿ ಪೈಪಿನ ಸುರುಳಿಯೊಳಗೆ ಬಿತ್ತು. ಎರಡನೆಯದು ಮೂಗಿಗೆ. ಮೂಳೆ ಮುರಿದ ಸದ್ದು ಅವನ ಮೊಣಕೈವರೆಗೂ ತಿಳಿಯಿತು. ರವಿಶಂಕರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ರಸ್ತೆಗೆ ಓಡಿದ. ಶಿವಮೂರ್ತಿ ಹಿಂದಿನಿಂದ ಒದ್ದ. ಅವನು ಮೊಣಕಾಲೂರಿ ಬಿದ್ದ.

“ಬಿಡಾ ಶಿವೂ, ಸಾಕು ಬಿಡಾ!” ಚರಂಡಿಯ ಬದಿಯಿಂದ ಗೋಪಾಲಪ್ಪ ಕೂಗುತ್ತಿದ್ದರು.

ಅಲ್ಲಿಗೆ ನಿಲ್ಲಬಹುದಿತ್ತು. ನಿಂತಿದ್ದರೆ ಅದು ಪೇಟೆಯ ಜಗಳವೊಂದಾಗಿ ಸಂಜೆಯೊಳಗೆ ತಣ್ಣಗಾಗುತ್ತಿತ್ತು. ಶಿವಮೂರ್ತಿ ಉಸಿರು ಬಿಡುತ್ತ ತಲೆಯೆತ್ತಿ ನೋಡಿದ. ಸುತ್ತ ಜನ. ಬಿಡಿಸಲು ಯಾರೂ ಬಂದಿರಲಿಲ್ಲ. ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತ್ತು. ಆ ಕ್ಷಣ ಅವನೊಳಗೆ ಏನೋ ಬದಲಾಯಿತು. ಸಿಟ್ಟು ಇಳಿದಿತ್ತು. ಸಿಟ್ಟಿನ ಜಾಗಕ್ಕೆ ಬಂದದ್ದು ಬೇರೆಯೇ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿದ. ನೋಡಿ, ಆ ಕಡೆಗೆ ಮುಖ ತಿರುಗಿಸಿದ. ನಿಧಾನವಾಗಿ ಬಾಗಿ ರವಿಶಂಕರನ ಕಾಲರ್ ಹಿಡಿದು ಎತ್ತಿದ.

“ಏಳೋ,” ಅಂದ. ಬಕೆಟ್ಟಿನೊಳಗೆ ನಿಂತು ನೂರು ಸಲ ಕಲಿತ ದನಿಯಲ್ಲಿ. “ಇನ್ನೂ ಮುಗ್ದಿಲ್ಲ.”

ಹೊಡೆದ. ರವಿಶಂಕರನ ದವಡೆ ಒಂದು ಬದಿಗೆ ಸರಿದದ್ದು ಎದುರಿನ ಫೋನುಗಳಲ್ಲೆಲ್ಲ ಸ್ಪಷ್ಟವಾಗಿ ಬಂತು. ಎರಡು ಹಲ್ಲು ಟಾರಿನ ಮೇಲೆ ಬಿದ್ದವು. ಬಿದ್ದವನು ಮತ್ತೆ ಏಳಲಿಲ್ಲ.

ಪೊಲೀಸರು ಬಂದರು. ಗಂಭೀರ ಗಾಯದ ಕೇಸಾಯಿತು. ವಕೀಲರನ್ನು ಹಿಡಿದು ಜಾಮೀನಿನ ಮೇಲೆ ಹೊರಬರುವಷ್ಟರಲ್ಲಿ ವಿಡಿಯೋ ಅವನಿಗಿಂತ ಮೊದಲು ಊರೂರು ಸುತ್ತಿತ್ತು. ಯಾರೋ ಅದಕ್ಕೆ ಡ್ರಮ್ಮಿನ ಸದ್ದು ಸೇರಿಸಿ ‘ಅಪ್ಪನ ಮೇಲೆ ಕೈ ಮಾಡಿದವನ ಗತಿ’ ಎಂದು ಹೆಸರು ಕೊಟ್ಟಿದ್ದರು. ಇನ್ಯಾರೋ ಕೊನೆಯ ಏಟನ್ನು ಮಾತ್ರ ಕತ್ತರಿಸಿ ನಿಧಾನವಾಗಿ ಓಡಿಸಿದ್ದರು. ಆನಂದಪುರದ ಹೋಟೆಲಿನಲ್ಲಿ ಚಾ ಕುಡಿಯಲು ನಿಂತಾಗ ಗುರುತು ಪರಿಚಯವಿಲ್ಲದವರು ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. “ಮಗ ಅಂದ್ರೆ ನೀನು ಮಾರಾಯ” ಎಂದು ಬೆನ್ನು ತಟ್ಟಿದರು.

ಮನೆಯಲ್ಲಿ ತಾಯಿ ಪುಷ್ಪಮ್ಮ ಅಳುತ್ತಿದ್ದರು. ಗೋಪಾಲಪ್ಪನ ಹಣೆಯಲ್ಲಿ ಹೊಲಿಗೆ ಇತ್ತು. ಮಗನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದರು.

“ಮೊದ್ಲಿನ ಎರಡು ಏಟು ನಂಗಾಗಿ ಹೊಡ್ದೆ. ಒಪ್ತೀನಿ. ಬಿದ್ಮೇಲೆ ಎತ್ತಿ ಹೊಡ್ದಿದ್ಯಲ್ಲ, ಅದು ನಂದಲ್ಲ. ಅದಕ್ಕೆ ನನ್ನ ಹೆಸ್ರು ಹೇಳ್ಬೇಡ.”

ಆ ವಾರವೇ ಶಿವಮೂರ್ತಿಗೆ ಬೆಂಗಳೂರಿನಿಂದ ಫೋನು ಬಂತು. ಮಾತಾಡಿದವನು ಸಂದೇಶ್. ವೆಬ್ ಸೀರೀಸ್ ಮಾಡುತ್ತಿರುವ ನಿರ್ದೇಶಕ, ಮೂಲ ತೀರ್ಥಹಳ್ಳಿಯವನು.

“ನಾನು ಆ ವಿಡಿಯೋ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಆ ‘ಏಳೋ’ ಅಂತೀರಲ್ಲ, ಆ ಮುಖ! ನನ್ನ ಕಥೆಯಲ್ಲಿ ಮರಳು ದಂಧೆಯವನ ಬಲಗೈ ಬಂಟ ಒಬ್ಬ ಇದಾನೆ. ಅದು ನೀವೇ. ಶೂಟಿಂಗೂ ನಿಮ್ಮ ಕಡೆನೇ. ಮಾಡ್ತೀರಾ?”

ಯಾರಿಗೂ ಏನೂ ಅನ್ನಿಸದಿದ್ದ ಮುಖ ಅದು. ಶಿವಮೂರ್ತಿ ಮಾಡುತ್ತೇನೆ ಎಂದ. ಫೋನಿಟ್ಟ ಮೇಲೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತುಕೊಂಡ. ಖುಷಿಯಾಗಿತ್ತು, ಅದನ್ನು ಯಾರೆದುರೂ ತೋರಿಸುವಂತಿರಲಿಲ್ಲ.

ಇತ್ತ ಸಾಗರದಲ್ಲಿ ರವಿಶಂಕರನ ದವಡೆಗೆ ತಗಡು ಕೂರಿಸಿ, ಬಾಯಿಗೆ ತಂತಿ ಬಿಗಿದು, ಗಂಜಿಯನ್ನು ಕೊಳವೆಯಲ್ಲಿ ಕುಡಿಸಿದರು. ಗಾಯ ಮಾಗಿತು, ಆದರೆ ಮಾತು ಬಾಯಿಯ ಒಂದು ಮೂಲೆಯಿಂದ ಮಾತ್ರ ಹೊರಡುವಂತಾಯಿತು. ಅಂಗಡಿಯನ್ನು ಹೆಂಡತಿ ಹೇಮಾವತಿ ನೋಡಿಕೊಳ್ಳತೊಡಗಿದಳು. ಬೇಸಿಗೆಗೆ ಮುಂಚೆ ಒಮ್ಮೆ ರವಿಶಂಕರ ಅಂಗಡಿಗೆ ಬಂದು ಕೂತ. ಕಾಲೇಜಿನ ಹುಡುಗರ ಗುಂಪೊಂದು ಬಾಗಿಲಲ್ಲಿ ನಿಂತು, ಒಬ್ಬನ ಕಾಲರ್ ಇನ್ನೊಬ್ಬ ಹಿಡಿದು, ‘ಏಳೋ, ಇನ್ನೂ ಮುಗ್ದಿಲ್ಲ’ ಎಂದು ಕೂಗಿ ನಗುತ್ತ ಓಡಿತು. ಅವತ್ತು ಮನೆ ಸೇರಿದವನು ತಿಂಗಳುಗಟ್ಟಲೆ ಹೊರಗೆ ಬರಲಿಲ್ಲ. ಅದರ ಬೆನ್ನಿಗೇ ಸೀರೀಸಿನ ಟೀಸರ್ ಬಂತು. ಅದರಲ್ಲಿ ಪೇಟೆಯ ಆ ವಿಡಿಯೋದ ತುಣುಕನ್ನೇ ಹಾಕಿದ್ದರು. ಗಂಡನ ಹಲ್ಲು ಉದುರುವುದನ್ನು ಹೇಮಾವತಿ ಸಂಗೀತದ ಸಮೇತ ನೋಡಿದಳು. ಸಂದೇಶನ ಆಫೀಸಿಗೆ ಫೋನು ಮಾಡಿ ತೆಗೆಯಿರಿ ಎಂದು ಬೇಡಿದಳು. ನೋಡೋಣ ಮೇಡಂ ಎಂದರು. ತೆಗೆಯಲಿಲ್ಲ.

ಶೂಟಿಂಗು ಹೊಸನಗರದ ಆಚೆ, ಶರಾವತಿ ಹಿನ್ನೀರಿನ ದಂಡೆಯಲ್ಲಿ. ಬೇಸಿಗೆಯಾದ್ದರಿಂದ ನೀರು ತುಂಬ ಹಿಂದಕ್ಕೆ ಹೋಗಿತ್ತು. ಬಿರುಕು ಬಿಟ್ಟ ಕೆಸರಿನ ಬಯಲಿನಲ್ಲಿ ಎಂದೋ ಮುಳುಗಿ ಸತ್ತ ಮರಗಳ ಕಪ್ಪು ಬೊಡ್ಡೆಗಳು ಎದ್ದು ನಿಂತಿದ್ದವು. ತಂಡ ತೀರ್ಥಹಳ್ಳಿಯ ಲಾಡ್ಜಿನಲ್ಲಿ ಉಳಿದುಕೊಂಡು ಬೆಳಗ್ಗೆ ವ್ಯಾನಿನಲ್ಲಿ ಬರುತ್ತಿತ್ತು. ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬಂದು ಹಗ್ಗದಾಚೆ ಕೂತು ನೋಡುತ್ತಿದ್ದರು.

ಹೊಡೆದಾಟ ಕಲಿಸುತ್ತಿದ್ದವರು ಕೃಷ್ಣಪ್ರಸಾದ್ ಮಾಸ್ಟರ್. ಅರವತ್ತು ದಾಟಿದ ಗಿಡ್ಡ ಮನುಷ್ಯ. ಬಸ್ಸಿನ ಮೇಲಿಂದ, ಮಹಡಿಯಿಂದ, ಕುದುರೆಯ ಮೇಲಿಂದ ಬಿದ್ದು ಬಿದ್ದು ಒಂದು ಕಾಲು ಗಿಡ್ಡವಾಗಿತ್ತು. ಶಿವಮೂರ್ತಿಯ ಕೈಲಿ ಏಟು ತಿನ್ನಬೇಕಾಗಿದ್ದ ಫೈಟರ್ ಹುಡುಗ ಸಚಿನ್.

“ಮುಷ್ಟಿ ಅವನ ಗಲ್ಲದಿಂದ ಒಂದು ಗೇಣು ದೂರ ಹೋಗ್ಬೇಕು,” ಎಂದರು ಮಾಸ್ಟರ್. “ಕ್ಯಾಮೆರಾಗೆ ಅದು ತಾಗಿದ ಹಾಗೇ ಕಾಣುತ್ತೆ. ತಲೆ ತಿರುಗಿಸೋದು ಅವನ ಕೆಲಸ. ಈ ಲೈನಲ್ಲಿ ಒಳ್ಳೇ ಹೊಡೆತಗಾರ ಅಂದ್ರೆ ಯಾರಿಗೂ ತಾಗಿಸ್ದೇ ಇರೋನು. ತಿಳೀತಾ?”

ತಿಳಿಯಿತು. ಆದರೆ ಬರಲಿಲ್ಲ. ಶಿವಮೂರ್ತಿ ಗಾಳಿಗೆ ಗುದ್ದುವಾಗ ಮುಖ ಮೊದಲಿನ ಹಾಗೆ ಸಪ್ಪೆಯಾಗುತ್ತಿತ್ತು. ಡೈಲಾಗು ಒಣಗಿ ಬರುತ್ತಿತ್ತು. ಟೇಕಿನ ಮೇಲೆ ಟೇಕು ಹೋಯಿತು. ಬಿಸಿಲು ನೆತ್ತಿಗೇರಿತು. ಹಗ್ಗದಾಚೆಯ ಜನ ಕಿಸಕ್ಕೆಂದರು. ಸಂದೇಶ್ ಟೋಪಿ ತೆಗೆದು ನೆಲಕ್ಕೆಸೆದು ಅವನ ಬಳಿ ಬಂದು ಹೆಗಲ ಮೇಲೆ ಕೈ ಹಾಕಿದ. ಮಾಸ್ಟರಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದ.

“ಆವತ್ತು ಪೇಟೆಯಲ್ಲಿ ಒಂದು ಗೇಣು ದೂರ ಹೊಡೆದ್ರಾ?”

“ಇಲ್ಲ ಸರ್.”

“ಮತ್ತೆ? ಒಂದೇ ಒಂದು ಏಟು. ನಿಜವಾಗಿ ಕೊಡಿ. ಅವನಿಗೆ ನಾನು ಹೇಳ್ಕೊತೀನಿ. ಇಲ್ಲಾಂದ್ರೆ ಈ ಪಾತ್ರಕ್ಕೆ ನಾಳೆ ಬೇರೆಯವ್ರನ್ನ ಕರೆಸ್ಬೇಕಾಗತ್ತೆ.”

ಶಿವಮೂರ್ತಿ ಸಚಿನ್ನನ ಕಡೆ ನೋಡಿದ. ಹುಡುಗ ಮೊಣಕಾಲಿಗೆ ಪ್ಯಾಡ್ ಸರಿಮಾಡಿಕೊಳ್ಳುತ್ತ, “ಆರಾಮಾಗಿ ಮಾಡಿ ಅಣ್ಣ, ಮೊದಲನೇ ಸಲ ಎಲ್ರಿಗೂ ಹೀಗೇ” ಎಂದು ನಕ್ಕ.

ಕ್ಯಾಮೆರಾ ಓಡಿತು. ಸಚಿನ್ ಬಿದ್ದಿದ್ದ. ಶಿವಮೂರ್ತಿ ಬಾಗಿ ಕಾಲರ್ ಹಿಡಿದು ಎತ್ತಿದ. “ಏಳೋ. ಇನ್ನೂ ಮುಗ್ದಿಲ್ಲ.” ದನಿ ಈ ಸಲ ಸರಿಯಾಗಿ ಬಂತು, ಏಕೆಂದರೆ ತಾನು ಏನು ಮಾಡಲಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಮುಷ್ಟಿ ಹುಡುಗನ ಬಾಯಿಗೆ ನೇರವಾಗಿ ತಾಗಿತು. ಸಚಿನ್ ಗಾಳಿಗೆ ತಲೆ ತಿರುಗಿಸಲು ಸಿದ್ಧನಾಗಿದ್ದವನು, ಏಟಿಗಲ್ಲ. ತುಟಿ ಸೀಳಿ ರಕ್ತ ಚಿಮ್ಮಿತು. ಅವನು ‘ಅಮ್ಮಾ’ ಎಂದು ಕೂಗಿ ಬೊಡ್ಡೆಯ ಮೇಲೆ ಬಿದ್ದ.

“ಓಡ್ಲಿ, ಓಡ್ಲಿ!” ಸಂದೇಶ್ ಪಿಸುಗುಟ್ಟಿದ.

ಆಗ ಹಗ್ಗದಾಚೆ ಕೂತಿದ್ದವರೊಳಗಿಂದ ಒಬ್ಬ ಹೆಂಗಸು ಎದ್ದಳು. ಹಗ್ಗದ ಕೆಳಗೆ ಬಗ್ಗಿ ಈಚೆ ಬಂದಳು. ಹೆಗಲಲ್ಲಿ ಬಟ್ಟೆಯ ಚೀಲ. ಆ ಚೀಲದೊಳಗಿಂದ ಕತ್ತಿ ತೆಗೆದಳು, ಮನೆಮನೆಯಲ್ಲೂ ಸೊಪ್ಪು ಕಡಿಯಲು ಇರುವಂಥ ಬಾಗಿದ ಮೂತಿಯ ಕತ್ತಿ. ಓಡಲಿಲ್ಲ. ಕೆಸರಿನ ಬಿರುಕು ದಾಟುತ್ತ ನಡೆದೇ ಬಂದಳು. ಕ್ಯಾಮೆರಾದವರೂ ಹಗ್ಗದಾಚೆಯವರೂ ಅವಳನ್ನು ಕಥೆಯ ಹೆಂಗಸೇ ಎಂದುಕೊಂಡರು.

ಶಿವಮೂರ್ತಿ ತಿರುಗಿದಾಗ ಅವಳು ಮಾರು ದೂರದಲ್ಲಿದ್ದಳು. ಹೇಮಾವತಿಯನ್ನು ಅವನು ಕೋರ್ಟಿನ ಕಾರಿಡಾರಿನಲ್ಲಿ ನೋಡಿದ್ದ, ಗುರುತು ಹತ್ತಿತು.

“ಮುಗ್ದಿಲ್ವಾ?” ಎಂದಳು ಅವಳು. “ಇನ್ನೂ ಮುಗ್ದಿಲ್ವನೋ ನಿಂಗೆ?”

ಕತ್ತಿ ಕುತ್ತಿಗೆಗೆ ಬರುತ್ತಿತ್ತು. ಅವನು ಬಲಗೈ ಅಡ್ಡ ಹಿಡಿದ. ಮುಂಗೈ ಮೂಳೆಯವರೆಗೂ ಸೀಳಿತು. ನೋವು ಆಗಲಿಲ್ಲ, ಕೈ ತಣ್ಣಗಾದಂತಾಯಿತು, ಬೆರಳುಗಳು ತಮ್ಮಷ್ಟಕ್ಕೆ ಬಿಚ್ಚಿಕೊಂಡವು. ಅವಳು ಮತ್ತೆ ಎತ್ತಿದಳು. ಎರಡನೆಯದು ಹೆಗಲಿಗೆ ಬಿತ್ತು. ಶಿವಮೂರ್ತಿ ಕಿರುಚಿದ. ಭಯಕ್ಕೆ ಎಡಗೈಯಿಂದ ಅವಳ ಗಂಟಲು ಹಿಡಿದು ನೂಕಿದ. ಇಬ್ಬರೂ ಕೆಸರಿಗೆ ಬಿದ್ದರು. ಕತ್ತಿ ಜಾರಿ ಹೋಯಿತು. ಅವನು ಅವಳ ಮೇಲಿದ್ದ. ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಗಂಟಲು ಬಿಟ್ಟ ಎಡಗೈ ಮುಷ್ಟಿಯಾಗಿ ಅವಳ ಮುಖದ ಮೇಲೆ ಎದ್ದಿತ್ತು. ಅದನ್ನು ಇಳಿಸದಿದ್ದದ್ದು ಅವನ ವಿವೇಕದಿಂದಲ್ಲ. ಕೃಷ್ಣಪ್ರಸಾದ್ ಮಾಸ್ಟರ್ ಕುಂಟುತ್ತ ಓಡಿಬಂದು ಹಿಂದಿನಿಂದ ಅವನ ಕತ್ತನ್ನು ತೋಳಲ್ಲಿ ಬಿಗಿದು ಎಳೆದು ಹಾಕಿದ್ದರು.

ಅಂಗಾತ ಬಿದ್ದವನು ಪಕ್ಕಕ್ಕೆ ನೋಡಿದ. ಕ್ಯಾಮೆರಾ ಅವನ ಹತ್ತಿರಕ್ಕೇ ಬಂದಿತ್ತು. ಅದರ ಹಿಂದೆ ಸಂದೇಶ್ ಎರಡೂ ಕೈ ಚಾಚಿ ಯಾರೂ ಅಡ್ಡ ಬಾರದಂತೆ ತಡೆದು ನಿಂತಿದ್ದ. ಇದು ನಾಟಕವಲ್ಲ ಎಂದು ಅವನಿಗೆ ಯಾವಾಗಲೋ ಗೊತ್ತಾಗಿತ್ತು, ಆದರೂ ಕಟ್ ಎಂದಿರಲಿಲ್ಲ.

“ನಿಲ್ಸಾ!” ಶಿವಮೂರ್ತಿ ಕೂಗಿದ. “ನಿಲ್ಸಾ ಅದ್ನ!”

ಮಾಸ್ಟರ್ ತಮ್ಮ ಅಂಗಿ ಹರಿದು ಅವನ ತೋಳಿಗೆ ಬಿಗಿದರು. ಆಮೇಲೆ ಎದ್ದು ಹೋಗಿ ಸಂದೇಶನ ಕಪಾಳಕ್ಕೆ ಬಾರಿಸಿದರು. ಆ ಏಟು ತಾಗಿಸಲೆಂದೇ ಹೊಡೆದದ್ದು. ಹೇಮಾವತಿ ಎದ್ದು ಕೂತು ಗಂಟಲು ಹಿಡಿದುಕೊಂಡು ಕೆಮ್ಮುತ್ತಿದ್ದಳು. “ಪೊಲೀಸ್ರನ್ನ ಕರೀರಿ. ನಾ ಎಲ್ಲಿಗೂ ಹೋಗದಿಲ್ಲ” ಎಂದಳು. ಆದರೆ ಪೊಲೀಸರು ಬರುವ ಮೊದಲೇ ಮಾಸ್ಟರ್ ಅವಳನ್ನು ಕಾರಿಗೆ ಕೂರಿಸಿ ಸಾಗರಕ್ಕೆ ಕಳಿಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೈಗೆ ಆಪರೇಷನ್ ಆಯಿತು. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಪೊಲೀಸರು ಹೇಳಿಕೆ ತೆಗೆದುಕೊಳ್ಳಲು ಬರುವ ಮುಂಚೆ ಸಂದೇಶ್ ಹಣ್ಣಿನ ಬುಟ್ಟಿ ಹಿಡಿದು ಬಂದ.

“ರಿಹರ್ಸಲಿನಲ್ಲಿ ಆದ ಅಪಘಾತ ಅಂತ ಹೇಳಿ. ಡಮ್ಮಿ ಕತ್ತಿ ಬದಲು ನಿಜವಾದ್ದು ಬಂದುಬಿಡ್ತು ಅಂತ. ಇಲ್ಲಾಂದ್ರೆ ಫುಟೇಜೆಲ್ಲ ಪೊಲೀಸ್ರು ತಗೊಂಡು ಹೋಗ್ತಾರೆ. ನಿಮ್ಮ ಸೀನು, ಆ ಕಿರುಚಾಟ... ಅಂಥದ್ದನ್ನ ದುಡ್ಡು ಕೊಟ್ರೂ ಮಾಡ್ಸಕ್ಕಾಗಲ್ಲ.”

“ಸಚಿನ್ ಎಲ್ಲಿ?”

“ಊರಿಗೆ ಕಳ್ಸಿದೀವಿ. ತುಟಿಗೆ ಹೊಲಿಗೆ ಅಷ್ಟೇ.”

ಪೊಲೀಸರು ಬಂದಾಗ ಶಿವಮೂರ್ತಿ ಅಪಘಾತ ಎಂದೇ ಹೇಳಿದ. ಸಂದೇಶನಿಗಾಗಿ ಹೇಳಲಿಲ್ಲ. ನಿಜ ಹೇಳಿದರೆ ಜೈಲಿಗೆ ಹೋಗುವವಳು ಹೇಮಾವತಿ. ಆದರೆ ಅವಳನ್ನು ಉಳಿಸಿದ ಸುಳ್ಳೇ ಸಂದೇಶನನ್ನೂ ಉಳಿಸಿತು. ಇದು ಅವನಿಗೆ ಕೈಯ ನೋವಿಗಿಂತ ಹೆಚ್ಚು ಚುಚ್ಚಿತು.

ಕೆಲವು ದಿನಗಳ ನಂತರ ಮಧ್ಯಾಹ್ನದ ಹೊತ್ತು ವಾರ್ಡಿನ ಬಾಗಿಲಲ್ಲಿ ರವಿಶಂಕರ ನಿಂತಿದ್ದ. ತೆಳ್ಳಗಾಗಿದ್ದ. ಎಡಗಲ್ಲ ಒಳಕ್ಕೆ ಕುಸಿದಿತ್ತು. ಮಂಚದ ಪಕ್ಕದಲ್ಲಿದ್ದ ಪುಷ್ಪಮ್ಮ ಗಾಬರಿಯಿಂದ ಎದ್ದರು. “ಕೂತ್ಕೊಳಿ ಅಮ್ಮ, ನಾ ಹೊಡಿಯಕ್ಕೆ ಬಂದಿಲ್ಲ” ಎಂದ. ಮಾತು ಬಾಯಿಯ ಮೂಲೆಯಿಂದ ಜಾರಿ ಬರುತ್ತಿತ್ತು, ಕಿವಿಗೊಟ್ಟು ಕೇಳಬೇಕಿತ್ತು.

“ನನ್ನ ಹೆಂಡ್ತಿ ಹೆಸ್ರು ಹೇಳ್ಲಿಲ್ವಂತೆ ನೀನು.”

“ಇಲ್ಲ.”

“ಅದಕ್ಕೆ ನಾ ಕೇಸು ವಾಪಸ್ ತಗೊಳ್ತೀನಿ ಅಂದ್ಕೊಂಡ್ಯಾ?”

“ಇಲ್ಲ. ತಗೋಬೇಡಿ.”

ರವಿಶಂಕರ ಅವನ ಬ್ಯಾಂಡೇಜು ನೋಡಿದ. “ನಂಗೆ ಒಂದು ವಿಷ್ಯ ಬೇಕು. ನಿಮ್ಮಪ್ಪ ಬಿದ್ರು, ನಿಂಗೆ ಸಿಟ್ಟು ಬಂತು, ಹೊಡ್ದೆ. ಅದು ಅರ್ಥ ಆಗ್ತದೆ. ನಾ ಬಿದ್ದಿದ್ದೆ. ಮೇಲೇಳೋ ತ್ರಾಣ ಇರ್ಲಿಲ್ಲ. ಎತ್ತಿ ಹೊಡ್ದಿದ್ಯಲ್ಲ, ಅದು ಯಾಕೆ? ದಿನಾ ಮಲಗುವಾಗ ಇದೊಂದೇ ಯೋಚ್ನೆ. ನಾ ನಿಂಗೆ ಅಷ್ಟು ದೊಡ್ಡ ಏನು ಮಾಡಿದ್ದೆ?”

ಪುಷ್ಪಮ್ಮ ಮಗನ ಕಡೆ ನೋಡಿದರು. ಶಿವಮೂರ್ತಿಗೆ ಸಿಟ್ಟಿನಲ್ಲಿ ಗೊತ್ತಾಗಲಿಲ್ಲ ಎನ್ನಬಹುದಿತ್ತು. ವಕೀಲರೂ ಹಾಗೆಯೇ ಹೇಳಲು ಕಲಿಸಿದ್ದರು.

“ನೀವೇನೂ ಮಾಡಿರ್ಲಿಲ್ಲ,” ಎಂದ. “ಎಲ್ರೂ ಫೋನ್ ಹಿಡ್ದಿದ್ರು. ಚಲೋ ಕಾಣ್ತದೆ ಅಂತ ಹೊಡ್ದೆ.”

ರವಿಶಂಕರನ ಮುಖದಲ್ಲಿ ಏನೇನೋ ಬಂದು ಹೋದವು. ಬಲಗೈ ಎದ್ದಿತು. ಶಿವಮೂರ್ತಿ ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ರವಿಶಂಕರ ಗೋಡೆಗೆ ಕೈಯೂರಿ ನಿಂತು ಅಳುತ್ತಿದ್ದ. ಪುಷ್ಪಮ್ಮ ನೀರು ಕೊಡಲು ಹೋದರು. ಅವನು ತಗೊಳ್ಳಲಿಲ್ಲ, ಹೋದ.

ಸೀರೀಸು ಹೊರಬಂತು. ಹೇಮಾವತಿಯ ಬೆನ್ನು ಮಾತ್ರ ಕಾಣುವಂತೆ ಜಾಣತನದಿಂದ ಕತ್ತರಿಸಿ ಆ ದೃಶ್ಯವನ್ನು ಹಾಕಿದ್ದರು. ಸಾಗರದಲ್ಲಿ ಅದು ಯಾರ ಬೆನ್ನೆಂದು ತಿಳಿಯದವರಿರಲಿಲ್ಲ. ಬಾಯಿಬಿಟ್ಟು ಹೇಳಿದವರೂ ಇರಲಿಲ್ಲ. ಹೊಸಬನ ಅಭಿನಯ ಮೈ ನಡುಗಿಸುವಂತಿದೆ ಎಂದು ವಿಮರ್ಶೆಗಳು ಬಂದವು. ಶಿವಮೂರ್ತಿಗೆ ಫೋನಿನ ಮೇಲೆ ಫೋನು. ಎಲ್ಲರಿಗೂ ರೌಡಿ ಬೇಕಿತ್ತು. ಅವನು ಯಾರಿಗೂ ಹೂಂ ಎನ್ನಲಿಲ್ಲ.

ಸಾಗರದ ಕೋರ್ಟಿನಲ್ಲಿ ಕೇಸು ಬಂದಾಗ ವಕೀಲರು ತೋಳು ಹಿಡಿದು ಜಗ್ಗುತ್ತಿದ್ದರೂ ತಪ್ಪೊಪ್ಪಿಕೊಂಡ. ಬಿದ್ದವನನ್ನು ಎತ್ತಿ ಹೊಡೆದೆ, ಬೇಕೆಂದೇ ಹೊಡೆದೆ ಎಂದ. ಆರು ತಿಂಗಳ ಶಿಕ್ಷೆಯಾಯಿತು, ದಂಡವನ್ನು ರವಿಶಂಕರನ ಚಿಕಿತ್ಸೆಗೆ ಕೊಡಬೇಕೆಂದೂ ಆಯಿತು. ಹೊರಗೆ ಒಯ್ಯುವಾಗ ಜಗಲಿಯಲ್ಲಿ ಹೇಮಾವತಿ ಗಂಡನ ಜೊತೆ ನಿಂತಿದ್ದಳು. ಅವಳು ಅವನ ಕೈಯನ್ನು ನೋಡಿದಳು, ಮುಖವನ್ನು ನೋಡಲಿಲ್ಲ. ಗೋಪಾಲಪ್ಪ ಜೀಪಿನವರೆಗೂ ಬಂದು, ಮಗನ ಅಂಗಿಯ ಗುಂಡಿ ಹಾಕಿದರು. ಅವನ ಬೆರಳಿಗೆ ಅದು ಆಗುತ್ತಿರಲಿಲ್ಲ.

ಜೈಲಿನಿಂದ ಬರುವಷ್ಟರಲ್ಲಿ ಜನ ಅವನನ್ನು ಮರೆತಿದ್ದರು. ಫೋನಿನಲ್ಲಿ ಓಡಲು ಬೇರೆ ಜಗಳಗಳಿದ್ದವು. ಜೆಸಿಬಿಯ ಲಿವರ್ ಹಿಡಿಯಲು ಕೈ ಬಾರದು. ಒಂದು ಬೆಳಗ್ಗೆ ಕೃಷ್ಣಪ್ರಸಾದ್ ಮಾಸ್ಟರಿಗೆ ಫೋನು ಮಾಡಿದ.

“ಕೈ ಹೋಗಿದೆ. ಫೈಟಿಗೆ ನೀನು ಆಗಲ್ಲ,” ಎಂದರು ಮಾಸ್ಟರ್.

“ಫೈಟ್ ಬೇಡ ಮಾಸ್ಟ್ರೇ.”

“ಮತ್ತೆ? ಆಕ್ಟಿಂಗ್ ಬರುತ್ತಾ?”

“ಗೊತ್ತಿಲ್ಲ. ನಾ ಆಕ್ಟ್ ಮಾಡಿದ್ದನ್ನ ಇಲ್ಲಿವರೆಗೂ ಯಾರೂ ನೋಡಿಲ್ಲ, ನೋಡಿದ್ದೆಲ್ಲ ನಿಜದ್ದೇ.”

ಮಾಸ್ಟರ್ ಒಂದು ಸೀರಿಯಲ್ ತಂಡದ ಹೆಸರು, ವಿಳಾಸ ಹೇಳಿದರು. “ಮೊದಲು ಸಚಿನ್ನನ ಮನೆಗೆ ಹೋಗು. ಆಮೇಲೆ ಅಲ್ಲಿಗೆ.”

ಅವನು ಹಾಗೆಯೇ ಮಾಡಿದ. ಸಚಿನ್ ಬಾಗಿಲು ತೆಗೆದು, ನೋಡಿ, ಮತ್ತೆ ಹಾಕಿಕೊಂಡ. ಶಿವಮೂರ್ತಿ ಮೆಟ್ಟಿಲಲ್ಲಿ ಕೂತ. ಸಂಜೆಯ ಹೊತ್ತಿಗೆ ಸಚಿನ್ನನ ತಾಯಿ ಹೊರಗೆ ಬಂದು, ಅವನು ಮಾತಾಡುವುದಿಲ್ಲವಂತೆ, ಹೋಗಪ್ಪ ಎಂದರು. ಹೋದ.

ಸೀರಿಯಲ್ಲಿನಲ್ಲಿ ಸಿಕ್ಕಿದ್ದು ಆಸ್ಪತ್ರೆಯ ವಾರ್ಡ್‌ಬಾಯ್ ಪಾತ್ರ. ಸಾವಿನ ಸುದ್ದಿ ಹೇಳಿದ್ದಕ್ಕೆ ಸತ್ತವನ ಅಪ್ಪ ಸಿಟ್ಟಿಗೆದ್ದು ಇವನ ಕೆನ್ನೆಗೆ ಬಾರಿಸಬೇಕು. ಅಪ್ಪನ ಪಾತ್ರದವರು ಹಳೆಯ ನಟ. ಶಾಟಿಗೆ ಮೊದಲು ಹತ್ತಿರ ಬಂದು, “ನನ್ನ ಕೈ ಇಲ್ಲಿವರೆಗೆ ಬರುತ್ತೆ, ಮುಂದಕ್ಕೆ ಬರಲ್ಲ, ಹೆದರ್ಬೇಡ” ಎಂದು ಜಾಗ ತೋರಿಸಿದರು. ಕ್ಯಾಮೆರಾ ಓಡಿತು. ಶಿವಮೂರ್ತಿ, “ನಾವು ಎಲ್ಲ ಪ್ರಯತ್ನ ಮಾಡಿದ್ವಿ ಯಜಮಾನ್ರೇ” ಎಂದ. ಕೈ ಬೀಸಿ ಬಂತು, ಕೆನ್ನೆಗೆ ಗಾಳಿ ಮಾತ್ರ ತಾಗಿತು. ಅವನು ತಲೆ ತಿರುಗಿಸಿದ, ಹಿಂದೆ ಸರಿದ, ಗೋಡೆಗೆ ಒರಗಿ ನಿಧಾನ ಕೆಳಗೆ ಕೂತ. ಎದುರಿನವರ ಕಡೆ ಸಿಟ್ಟಿಲ್ಲದೆ ನೋಡಿದ.

“ಓಕೆ,” ಎಂದರು ನಿರ್ದೇಶಕರು. ದೀಪಗಳನ್ನು ಮುಂದಿನ ಕೋಣೆಗೆ ಎತ್ತಿಕೊಂಡು ಹೋದರು.

ಹೊರಗೆ ಬಂದು ಊರಿಗೆ ಫೋನು ಮಾಡಿದ. ಪುಷ್ಪಮ್ಮ ಎತ್ತಿಕೊಂಡರು.

“ಎಂತ ಪಾತ್ರನಾ?”

“ಹೊಡ್ಸ್ಕೊಳ್ಳದು.”

“ಪೆಟ್ಟಾಯ್ತಾ?”

“ಇಲ್ಲಮ್ಮ. ತಾಗ್ಲೇ ಇಲ್ಲ.”

“ಊಟ ಮಾಡ್ದ್ಯಾ ಹಂಗಾದ್ರೆ?”

“ಈಗ ಕರೀತಿದ್ದಾರೆ,” ಎಂದು ಹೇಳಿ, ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತ.